ಲಸಿಕೆಯ ಲೆಕ್ಕವನ್ನು ಸರಿಯಾಗಿ ಓದೋಣ

ಕೋವಿಡ್ ಮಹಾಮಾರಿಯ ಅಲೆಗಳು ಇಳಿದು ವರ್ಷಗಳೇ ಉರುಳಿವೆ. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆಸ್ಪತ್ರೆಗಳ ಮುಂದಿನ ಸಾಲುಗಳು ಕರಗಿದವು. ಮುಚ್ಚಿದ್ದ ದೇವಾಲಯಗಳ ಬಾಗಿಲುಗಳು ತೆರೆದವು. ಅಂತ್ಯಸಂಸ್ಕಾರಕ್ಕೆ ನಾಲ್ಕು ಜನ ಸೇರುವುದೂ ಕಷ್ಟವಾಗಿದ್ದ ದಿನಗಳು ಹಿಂದೆ ಸರಿದವು. ಆದರೆ ಆ ಕಾಲವು ನಮ್ಮ ಮನೆಗಳಲ್ಲಿ ಬಿತ್ತಿಹೋದ ಒಂದು ಸಂಶಯ ಮಾತ್ರ ಇನ್ನೂ ಹಸಿರಾಗಿಯೇ ಇದೆ. ‘ಲಸಿಕೆ ಹಾಕಿಸಿಕೊಂಡವರೇ ಆಸ್ಪತ್ರೆ ಸೇರಿದರಲ್ಲ, ಮತ್ತೇಕೆ ಬೇಕಿತ್ತು ಆ ಲಸಿಕೆ?’ ಎಂಬುದು ಆ ಸಂಶಯದ ಒಂದು ರೂಪ. ‘ಈಗ ಹಠಾತ್ತನೆ ಸಾಯುತ್ತಿರುವವರೆಲ್ಲ ಲಸಿಕೆ ಪಡೆದವರೇ’ ಎಂಬುದು ಅದರ ಮತ್ತೊಂದು ರೂಪ.

ಈ ಮಾತುಗಳನ್ನು ಆಡುವವರು ದುರುದ್ದೇಶವುಳ್ಳವರೆಂದು ನಾವು ಭಾವಿಸುವುದಿಲ್ಲ. ಬಹುಮಟ್ಟಿಗೆ ಅವರು ನಮ್ಮವರೇ; ಆಪ್ತರನ್ನು ಕಳೆದುಕೊಂಡವರು, ಮಕ್ಕಳ ಕ್ಷೇಮಕ್ಕಾಗಿ ಹಂಬಲಿಸುವವರು. ಅವರು ಹೇಳುವ ಸಂಗತಿಯೂ ಎಷ್ಟೋ ವೇಳೆ ಸುಳ್ಳಲ್ಲ. ಲಸಿಕೆ ಪಡೆದವರೂ ಆಸ್ಪತ್ರೆ ಸೇರಿದ್ದು ನಿಜ. ತಪ್ಪಿರುವುದು ಸಂಗತಿಯಲ್ಲಲ್ಲ, ಅದರಿಂದ ಎಳೆದ ತೀರ್ಮಾನದಲ್ಲಿ. ಈ ತಪ್ಪು ತೀರ್ಮಾನದ ಬೆಲೆಯನ್ನು ನಾಳೆ ತೆರಬೇಕಾದವರು ನಮ್ಮ ಮನೆಯ ವೃದ್ಧರು ಮತ್ತು ತೊಟ್ಟಿಲ ಕೂಸುಗಳು. ಆದಕಾರಣ ಈ ಲೆಕ್ಕವನ್ನು ಒಮ್ಮೆ ಸಾವಧಾನವಾಗಿ ಬಿಡಿಸಿ ನೋಡುವುದು ಉಚಿತವೆಂದು ತೋರುತ್ತದೆ.

ಎರಡು ಅಲೆಗಳ ಕಥೆ

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಯಾರೂ ಮರೆತಿರಲಾರರು. ಡೆಲ್ಟಾ ಎಂಬ ರೂಪಾಂತರಿ ವೈರಾಣು ದೇಶವನ್ನು ಆವರಿಸಿಕೊಂಡಿತ್ತು. ಮೇ ಮೊದಲ ವಾರದಲ್ಲಿ ಒಂದೇ ದಿನ 4 ಲಕ್ಷ 14 ಸಾವಿರಕ್ಕೂ ಹೆಚ್ಚು ಹೊಸ ಸೋಂಕುಗಳು ದಾಖಲಾದವು. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ, ಒಂದು ಬಾಟಲಿ ಔಷಧಕ್ಕಾಗಿ ಊರೂರು ಅಲೆದವರ ಕಷ್ಟ ಹೇಳತೀರದು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2 ಮತ್ತು 3ರ ನಡುವೆ 24 ರೋಗಿಗಳು ಪ್ರಾಣ ಬಿಟ್ಟ ಸುದ್ದಿ ನಾಡನ್ನೇ ನಡುಗಿಸಿತು. ರೋಗಿಗಳ ಸೇವೆಯಲ್ಲಿಯೂ ಸಭಾಪಾಲನೆಯಲ್ಲಿಯೂ ತೊಡಗಿದ್ದ ಅನೇಕ ಧರ್ಮಗುರುಗಳನ್ನು, ಕನ್ಯಾಸ್ತ್ರೀಯರನ್ನು ಆ ಎರಡು ತಿಂಗಳುಗಳಲ್ಲಿ ಭಾರತದ ಧರ್ಮಸಭೆ ಕಳೆದುಕೊಂಡಿತು.

ಆಗ ಲಸಿಕೆಯ ಸ್ಥಿತಿ ಹೇಗಿತ್ತು? ಆರೋಗ್ಯ ಕಾರ್ಯಕರ್ತರಿಗೆ 2021ರ ಜನವರಿ 16ರಂದು ಆರಂಭವಾದ ಲಸಿಕೆ, ಮಾರ್ಚ್ 1ರಿಂದ 60 ದಾಟಿದವರಿಗೂ ಅನ್ಯ ಕಾಯಿಲೆಗಳಿದ್ದ 45 ದಾಟಿದವರಿಗೂ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ, ಮೇ 1ರಿಂದ 18 ದಾಟಿದವರಿಗೂ ತೆರೆಯಿತು. ತೆರೆದದ್ದು ಕಾಗದದ ಮೇಲೆ. ಕೇಂದ್ರಗಳಲ್ಲಿ ಲಸಿಕೆಯೇ ಇರಲಿಲ್ಲ. ಅಭಾವದ ಕಾರಣದಿಂದ 18ರಿಂದ 44ರವರೆಗಿನವರ ಲಸಿಕೆಯನ್ನು ಅದೇ ಮೇ ತಿಂಗಳಲ್ಲಿ ನಮ್ಮ ರಾಜ್ಯ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಲೆಯು ಉತ್ತುಂಗಕ್ಕೇರಿದಾಗ ದೇಶದ ವಯಸ್ಕರಲ್ಲಿ ಎರಡೂ ಡೋಸ್ ಪಡೆದಿದ್ದವರು ನೂರಕ್ಕೆ ಎರಡೋ ಮೂರೋ ಮಂದಿ ಮಾತ್ರ.

ಎಂಟು ತಿಂಗಳುಗಳ ನಂತರ, 2022ರ ಜನವರಿಯಲ್ಲಿ, ಒಮೈಕ್ರಾನ್ ಅಲೆ ಬಂದಿತು. ದೇಶದಲ್ಲಿ ಒಮೈಕ್ರಾನ್‌ನ ಮೊದಲ ಎರಡು ಪ್ರಕರಣಗಳು ಪತ್ತೆಯಾದದ್ದು 2021ರ ಡಿಸೆಂಬರ್‌ನಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಅಷ್ಟರಲ್ಲಿ ವಯಸ್ಕರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಎರಡೂ ಡೋಸ್ ಪಡೆದಿದ್ದರು. ಕೇಂದ್ರ ಆರೋಗ್ಯ ಇಲಾಖೆಯು ಈ ಎರಡು ಅಲೆಗಳ ತಲಾ ಒಂದು ದಿನವನ್ನು ಹೋಲಿಸಿ ತೋರಿಸಿತು. 2021ರ ಏಪ್ರಿಲ್ 30ರಂದು ಹೊಸ ಸೋಂಕುಗಳು 3,86,452. ಅಂದಿನ ಸಾವುಗಳು ಮೂರು ಸಾವಿರಕ್ಕೂ ಹೆಚ್ಚು. 2022ರ ಜನವರಿ 20ರಂದು ಹೊಸ ಸೋಂಕುಗಳು 3,17,532. ಅಂದಿನ ಸಾವುಗಳು 380. ಸೋಂಕಿನ ಪ್ರಮಾಣದಲ್ಲಿ ಅಜಗಜಾಂತರವೇನೂ ಇಲ್ಲ. ಸಾವಿನ ಪ್ರಮಾಣದಲ್ಲಿ ಇದೆ.

ಇದೆಲ್ಲವೂ ಲಸಿಕೆಯ ಮಹಿಮೆಯೇ ಎಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಒಮೈಕ್ರಾನ್ ಡೆಲ್ಟಾದಷ್ಟು ಉಗ್ರವಾಗಿರಲಿಲ್ಲ. ಎರಡನೆಯ ಅಲೆಯಲ್ಲಿ ಸೋಂಕು ತಗುಲಿ ಬದುಕುಳಿದ ಕೋಟ್ಯಂತರ ಜನರ ದೇಹದಲ್ಲಿ ಸಹಜವಾಗಿಯೇ ಒಂದಿಷ್ಟು ಪ್ರತಿರೋಧ ಶಕ್ತಿ ಬೆಳೆದಿತ್ತು. ಆಸ್ಪತ್ರೆಗಳೂ ಮೊದಲಿಗಿಂತ ಸಿದ್ಧವಾಗಿದ್ದವು. ಈ ಕಾರಣಗಳನ್ನು ಬದಿಗಿಟ್ಟು ಲಸಿಕೆಗೆ ಮಾತ್ರ ಜಯಕಾರ ಹಾಕುವುದು ಪ್ರಚಾರವಾದೀತೇ ಹೊರತು ವಿವೇಚನೆಯಾಗದು.

ಆದರೆ ಒಮೈಕ್ರಾನ್ ಸ್ವಭಾವತಃ ಸಾಧು, ಲಸಿಕೆಯ ಹಂಗಿಲ್ಲದೆಯೂ ನಾವು ಪಾರಾಗುತ್ತಿದ್ದೆವು ಎನ್ನುವವರು ಅದೇ ಕಾಲದ ಹಾಂಗ್‌ಕಾಂಗ್ ನಗರವನ್ನು ನೋಡಬೇಕು. ಎರಡು ವರ್ಷ ಕಾಲ ಕಟ್ಟುನಿಟ್ಟಿನ ನಿರ್ಬಂಧಗಳಿಂದ ರೋಗವನ್ನು ಹೊರಗಿಟ್ಟಿದ್ದ ಆ ನಗರದಲ್ಲಿ ಬಹಳಷ್ಟು ವೃದ್ಧರು ಭಯದಿಂದಲೋ ಉದಾಸೀನದಿಂದಲೋ ಲಸಿಕೆ ಪಡೆದಿರಲಿಲ್ಲ. ಹಿಂದೆ ಸೋಂಕು ತಗುಲಿ ಬಂದ ಪ್ರತಿರೋಧ ಶಕ್ತಿಯೂ ಅವರಲ್ಲಿರಲಿಲ್ಲ. ಅಲ್ಲಿಗೂ ಹೊಕ್ಕಿದ್ದು ಇದೇ ಒಮೈಕ್ರಾನ್. 2022ರ ಜನವರಿ 6ರಿಂದ ಮಾರ್ಚ್ 21ರವರೆಗೆ ಅಲ್ಲಿ 5,906 ಮಂದಿ ತೀರಿಕೊಂಡರು. ಅವರಲ್ಲಿ ನೂರಕ್ಕೆ 96 ಮಂದಿ 60 ದಾಟಿದವರು. ಹಾಗೆ ತೀರಿಕೊಂಡ ಹಿರಿಯರಲ್ಲಿ ನೂರಕ್ಕೆ 70 ಮಂದಿ ಒಂದು ಡೋಸನ್ನೂ ಪಡೆದಿರಲಿಲ್ಲ. ವೈರಾಣು ಒಂದೇ, ರಕ್ಷಣೆ ಇದ್ದೆಡೆ ಒಂದು ಪರಿಣಾಮ, ಇಲ್ಲದೆಡೆ ಬೇರೊಂದು ಪರಿಣಾಮ.

ತಡೆಯಬೇಕಾದದ್ದು ಯಾವುದನ್ನು?

ಲಸಿಕೆ ಪಡೆದವರಿಗೂ ಸೋಂಕು ತಗುಲಿತೆಂಬುದೇ ಅನೇಕರ ಮೊದಲ ಆಕ್ಷೇಪ. ಇದಕ್ಕೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನದೇ ಹತ್ತು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಸ್ಥಿತಿಯನ್ನು ಎರಡನೆಯ ಅಲೆಯ ನಡುವೆ ಪರಿಶೀಲಿಸಿತು. ಅವರಲ್ಲಿ 8,991 ಮಂದಿ 2021ರ ಏಪ್ರಿಲ್ ಅಂತ್ಯದೊಳಗೆ ಲಸಿಕೆ ಪಡೆದಿದ್ದರು. ಎರಡು ಡೋಸ್ ಪಡೆದವರನ್ನು ಪಡೆಯದವರೊಡನೆ ಹೋಲಿಸಿದಾಗ ಕಂಡುಬಂದದ್ದು ಇಷ್ಟು: ಸೋಂಕಿನಿಂದ ನೂರಕ್ಕೆ 65ರಷ್ಟು ರಕ್ಷಣೆ, ಆಸ್ಪತ್ರೆ ಸೇರುವುದರಿಂದ 77ರಷ್ಟು, ಆಮ್ಲಜನಕದ ಅಗತ್ಯದಿಂದ 92ರಷ್ಟು, ತೀವ್ರ ನಿಗಾ ಘಟಕ ಸೇರುವುದರಿಂದ 94ರಷ್ಟು.

ಈ ನಾಲ್ಕು ಸಂಖ್ಯೆಗಳನ್ನು ಕ್ರಮವಾಗಿ ಓದಿದರೆ ಲಸಿಕೆಯ ಸ್ವರೂಪವೇ ತಿಳಿಯುತ್ತದೆ. ರೋಗ ಹಗುರವಾಗಿದ್ದಷ್ಟೂ ಅದರ ತಡೆ ಸಡಿಲ. ರೋಗ ಘೋರವಾದಷ್ಟೂ ಅದರ ತಡೆ ಬಿಗಿ. ಮನೆಯ ಬಾಗಿಲಲ್ಲಿ ಕಳ್ಳನನ್ನು ಪೂರ್ಣವಾಗಿ ತಡೆಯಲಾರದಿದ್ದರೂ ಕೊಲೆಯಾಗದಂತೆ ಕಾಯುವ ಕಾವಲುಗಾರ ಅದು. ಒಮೈಕ್ರಾನ್ ಬಂದಾಗ ಸೋಂಕಿನ ವಿರುದ್ಧದ ತಡೆ ಇನ್ನಷ್ಟು ಕುಸಿಯಿತು. ಕಾಲ ಕಳೆದಂತೆ ರಕ್ಷಣೆ ಸವೆಯುವುದೂ ನಿಶ್ಚಿತವಾಯಿತು. ಆದರೆ ಪ್ರಾಣಾಪಾಯದ ವಿರುದ್ಧದ ತಡೆ ಅಷ್ಟು ಬೇಗ ಕುಸಿಯಲಿಲ್ಲ. ‘ಲಸಿಕೆ ಪಡೆದರೆ ರೋಗವೇ ಬಾರದು’ ಎಂದು ಆರಂಭದಲ್ಲಿ ಕೆಲವರು ಅತಿಯಾಗಿ ನುಡಿದದ್ದೇ ಮುಂದಿನ ನಿರಾಶೆಗೆ ದಾರಿಯಾಯಿತೆಂಬುದನ್ನು ಅಲ್ಲಗಳೆಯಲಾಗದು.

ಸಾವಿರ ಹಿರಿಯರ ಲೆಕ್ಕ

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಆಸ್ಪತ್ರೆಯಲ್ಲಿರುವವರಲ್ಲಿ ಹೆಚ್ಚಿನವರು ಲಸಿಕೆ ಪಡೆದವರೇ ಆಗಿದ್ದರೆ ಲಸಿಕೆ ವ್ಯರ್ಥವೆಂದಲ್ಲವೇ? ಕಾಗದ, ಪೆನ್ಸಿಲ್ ಹಿಡಿದು ಕುಳಿತರೆ ಶಾಲಾ ಬಾಲಕರೂ ಬಿಡಿಸಬಹುದಾದ ಲೆಕ್ಕವಿದು.

ಒಂದು ಕಾಲ್ಪನಿಕ ಧರ್ಮಕೇಂದ್ರವನ್ನು ಊಹಿಸಿಕೊಳ್ಳೋಣ. ಅಲ್ಲಿ 60 ದಾಟಿದ ಸಾವಿರ ಹಿರಿಯರಿದ್ದಾರೆ. 900 ಮಂದಿ ಲಸಿಕೆ ಪಡೆದಿದ್ದಾರೆ, 100 ಮಂದಿ ಪಡೆದಿಲ್ಲ. ರೋಗದ ಅಲೆಯೊಂದು ಬಂದು, ಲಸಿಕೆ ಪಡೆಯದ ನೂರರಲ್ಲಿ 10 ಮಂದಿ ಆಸ್ಪತ್ರೆ ಸೇರುತ್ತಾರೆ ಎಂದಿಟ್ಟುಕೊಳ್ಳಿ. ಪಡೆದವರಲ್ಲಿ ಪ್ರತಿ ನೂರಕ್ಕೆ ಇಬ್ಬರು ಮಾತ್ರ, ಅಂದರೆ 900ರಲ್ಲಿ 18 ಮಂದಿ, ಸೇರುತ್ತಾರೆ ಎನ್ನಿ. ಆಸ್ಪತ್ರೆಯಲ್ಲಿ ಒಟ್ಟು 28 ರೋಗಿಗಳು. ಅವರಲ್ಲಿ 18 ಮಂದಿ ಲಸಿಕೆ ಪಡೆದವರು, 10 ಮಂದಿ ಪಡೆಯದವರು. ವಾರ್ಡಿನೊಳಗೆ ಇಣುಕಿ ನೋಡಿದವನು ಹೊರಗೆ ಬಂದು, ‘ಮೂವರಲ್ಲಿ ಇಬ್ಬರು ಲಸಿಕೆ ಹಾಕಿಸಿಕೊಂಡವರೇ’ ಎಂದು ಸಾರಬಹುದು. ಅವನು ಸುಳ್ಳಾಡಲಿಲ್ಲ. ಆದರೂ ಸತ್ಯವನ್ನು ತಲೆಕೆಳಗು ಮಾಡಿದ. ಏಕೆಂದರೆ ಪಡೆಯದವರ ಅಪಾಯ ಪಡೆದವರ ಅಪಾಯಕ್ಕಿಂತ ಐದು ಪಟ್ಟು ಹೆಚ್ಚು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ ಸಾವಿರ ಹಿರಿಯರಲ್ಲಿ ಒಬ್ಬರೂ ಲಸಿಕೆ ಪಡೆಯದಿದ್ದರೆ ಎಷ್ಟು ಮಂದಿ ಆಸ್ಪತ್ರೆ ಸೇರುತ್ತಿದ್ದರು? ನೂರು ಮಂದಿ. ಈಗ ಸೇರಿದವರು 28. ಮಿಕ್ಕ 72 ಮಂದಿ ಎಲ್ಲಿ? ಅವರು ತಮ್ಮ ಮನೆಗಳಲ್ಲಿ ಗಂಜಿ ಕುಡಿದು, ಸಂಜೆಯ ಜಪಸರ ಮುಗಿಸಿ ಮಲಗಿದ್ದಾರೆ. ಅವರ ಹೆಸರು ಯಾವ ಆಸ್ಪತ್ರೆಯ ದಾಖಲೆಯಲ್ಲಿಯೂ ಇಲ್ಲ, ಯಾವ ಪತ್ರಿಕೆಯ ಅಂಕಣದಲ್ಲಿಯೂ ಬರುವುದಿಲ್ಲ. ತಾವು ಉಳಿದೆವೆಂಬುದು ಅವರಿಗೇ ತಿಳಿಯದು. ಲಸಿಕೆಯ ಉಪಕಾರ ಕಣ್ಣಿಗೆ ಬೀಳದ ಉಪಕಾರ. ಅದರ ಕೊರತೆ ಮಾತ್ರ ಹಾಸಿಗೆಯ ಮೇಲೆ ಎದ್ದು ಕಾಣುತ್ತದೆ. ಸಂಶಯ ಬೆಳೆಯುವುದಕ್ಕೆ ಇದೇ ಮೂಲ.

ಇದು ಬರಿಯ ಕಲ್ಪನೆಯಲ್ಲ. ನಮ್ಮ ಕರಾವಳಿಯ ಅನೇಕರು ವೃದ್ಧರ ಆರೈಕೆಯ ಕೆಲಸಕ್ಕಾಗಿ ನೆಲೆಸಿರುವ ಇಸ್ರೇಲ್ ದೇಶದಲ್ಲಿ ಇದೇ ನಡೆಯಿತು. ಜಗತ್ತಿನಲ್ಲಿಯೇ ಅತಿ ಶೀಘ್ರವಾಗಿ ಲಸಿಕೆ ನೀಡಿದ ದೇಶಗಳಲ್ಲಿ ಅದೂ ಒಂದು. 2021ರ ಆಗಸ್ಟ್ 15ರಂದು ಅಲ್ಲಿ 514 ಮಂದಿ ತೀವ್ರ ಸ್ಥಿತಿಯಲ್ಲಿ ಆಸ್ಪತ್ರೆಯಲ್ಲಿದ್ದರು; ಅವರಲ್ಲಿ ನೂರಕ್ಕೆ 59 ಮಂದಿ ಪೂರ್ಣ ಲಸಿಕೆ ಪಡೆದವರು. ಸುದ್ದಿ ಜಗತ್ತಿನಾದ್ಯಂತ ಹರಡಿ, ಲಸಿಕೆಯ ಸೋಲೆಂದೇ ಅನೇಕರು ಬಗೆದರು. ಆದರೆ ಹಾಗೆ ಲಸಿಕೆ ಪಡೆದೂ ಆಸ್ಪತ್ರೆಯಲ್ಲಿದ್ದವರಲ್ಲಿ ನೂರಕ್ಕೆ 87 ಮಂದಿ 60 ಅಥವಾ ಅದಕ್ಕೂ ಹೆಚ್ಚು ವಯಸ್ಸಿನವರು. ಆ ವಯೋಮಾನದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಲಸಿಕೆ ಪಡೆದಿದ್ದರು. ಪಡೆಯದವರಲ್ಲಿಯೋ ಎಳೆಯರೇ ಹೆಚ್ಚು. 75ರ ವೃದ್ಧರನ್ನು 25ರ ತರುಣರೊಡನೆ ಹೋಲಿಸಿದರೆ ನ್ಯಾಯವಾದೀತೇ? ಒಂದೇ ವಯಸ್ಸಿನವರನ್ನು ಪರಸ್ಪರ ಹೋಲಿಸಿದಾಗ, ತೀವ್ರ ರೋಗದ ವಿರುದ್ಧ ಲಸಿಕೆಯ ಬಲ ಎದ್ದು ಕಾಣಿಸಿತು.

ಅದೇ ವೇಳೆ ಆ ಸಂಖ್ಯೆಗಳು ಮತ್ತೊಂದು ಪಾಠವನ್ನೂ ಕಲಿಸಿದವು. ವೃದ್ಧರಲ್ಲಿ ರಕ್ಷಣೆ ಬೇಗ ಸವೆಯುತ್ತದೆ, ಅವರಿಗೆ ಮತ್ತೊಂದು ಡೋಸ್ ಬೇಕು ಎಂಬುದೇ ಆ ಪಾಠ. ಭಾರತದಲ್ಲಿ ಮುನ್ನೆಚ್ಚರಿಕೆ ಡೋಸ್ ಆರಂಭವಾದದ್ದು 2022ರ ಜನವರಿ 10ರಂದು. ಅದೇ ಜುಲೈ 15ರಿಂದ 75 ದಿನಗಳ ಕಾಲ ಎಲ್ಲ ವಯಸ್ಕರಿಗೂ ಉಚಿತವಾಗಿ ನೀಡಲಾಯಿತು. ಆದರೂ ಆ ವರ್ಷದ ಡಿಸೆಂಬರ್‌ನಲ್ಲಿ ಅರ್ಹರ ಪೈಕಿ ನೂರಕ್ಕೆ 27–28 ಮಂದಿ ಮಾತ್ರ ಅದನ್ನು ಪಡೆದಿದ್ದರೆಂದು ನೀತಿ ಆಯೋಗದ ಸದಸ್ಯ ಡಾ. ವಿ. ಕೆ. ಪೌಲ್ ತಿಳಿಸಿದರು. ಅಲೆ ಇಳಿದೊಡನೆ ಎಚ್ಚರವೂ ಇಳಿಯಿತು.

ಹಾಸನದ ಆತಂಕ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ಹಬ್ಬಿದಾಗ ಇದೇ ತಪ್ಪು ಲೆಕ್ಕ ಬೇರೊಂದು ವೇಷದಲ್ಲಿ ಮರಳಿತು. ಮೃತರಲ್ಲಿ ಕೆಲವರು ತರುಣರಾಗಿದ್ದುದು ಎಲ್ಲರ ಎದೆಯನ್ನೂ ಕಲಕಿತು. ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಮುಂಜಾನೆಯಿಂದಲೇ ಸಾಲುಗಟ್ಟಿದರು. ಲಸಿಕೆಯ ಅವಸರದ ಅನುಮೋದನೆಯೂ ಈ ಸಾವುಗಳಿಗೆ ಕಾರಣವಿರಬಹುದೆಂದು ರಾಜ್ಯದ ಮುಖ್ಯಮಂತ್ರಿ ಸಿದ್ಧರಾಮಯ್ಯನವರೇ ಜುಲೈ 1ರಂದು ಸಾರ್ವಜನಿಕವಾಗಿ ನುಡಿದರು. ಸಾಮಾನ್ಯ ಜನರ ಭಯಕ್ಕೆ ಅಧಿಕಾರದ ಮುದ್ರೆ ಬಿದ್ದಂತಾಯಿತು.

ಮೃತರು ಲಸಿಕೆ ಪಡೆದಿದ್ದರೇ ಎಂದು ಕೇಳಿದರೆ, ಹೌದು, ಬಹುಮಟ್ಟಿಗೆ ಪಡೆದೇ ಇದ್ದಿರಬೇಕು. ಆ ವೇಳೆಗೆ ನಮ್ಮ ನಾಡಿನ ವಯಸ್ಕರಲ್ಲಿ ಹೆಚ್ಚುಕಡಿಮೆ ಎಲ್ಲರೂ ಲಸಿಕೆ ಪಡೆದವರೇ. ಆದ್ದರಿಂದ ಇಂದು ಬಾವಿಗೆ ಬಿದ್ದವನೂ ಲಸಿಕೆ ಪಡೆದವನೇ, ಅವನನ್ನು ಮೇಲೆತ್ತಿದವನೂ ಲಸಿಕೆ ಪಡೆದವನೇ. ಪಡೆದವರಲ್ಲಿ ನೂರಕ್ಕೆ ಎಷ್ಟು, ಪಡೆಯದವರಲ್ಲಿ ನೂರಕ್ಕೆ ಎಷ್ಟು ಎಂದು ಕೇಳದ ಹೊರತು ಆ ಸಂಗತಿಗೆ ಅರ್ಥವೇ ಇಲ್ಲ.

ಹಾಗೆ ಕೇಳಿದ ಅಧ್ಯಯನವೂ ನಮ್ಮಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಲಸಿಕೆಯು ಅಂಥ ಸಾವಿನ ಸಂಭವವನ್ನು ಹೆಚ್ಚಿಸಲಿಲ್ಲ, ತಗ್ಗಿಸಿತೆಂದೇ ಅದು ಕಂಡುಕೊಂಡಿತು. ಸಂಭವವನ್ನು ಹೆಚ್ಚಿಸಿದ್ದು ಯಾವುದು? ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಮಿತಿಮೀರಿದ ಮದ್ಯಪಾನ, ದೇಹಕ್ಕೆ ಒಗ್ಗದ ಅತಿ ಶ್ರಮದ ವ್ಯಾಯಾಮ. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ರಾಜ್ಯ ತಜ್ಞರ ಸಮಿತಿಯೂ ಅದೇ 2025ರ ಜುಲೈನಲ್ಲಿ, ಎಳೆಯ ವಯಸ್ಸಿನ ಹೃದ್ರೋಗಕ್ಕೂ ಲಸಿಕೆಗೂ ನಂಟು ಕಂಡುಬಂದಿಲ್ಲವೆಂದು ವರದಿ ಸಲ್ಲಿಸಿತು. ಆದರೆ ಮೊದಲ ಭಯ ತಲುಪಿದಷ್ಟು ಮನೆಗಳನ್ನು ಈ ವರದಿ ತಲುಪಲಿಲ್ಲ. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೆಂಬ ನಿಜವಾದ ಹಗೆಗಳು ಲಸಿಕೆಯ ಮೇಲಿನ ದೂರಿನ ಮರೆಯಲ್ಲಿ ಸುಖವಾಗಿ ಉಳಿದುಕೊಂಡವು.

ಮುಚ್ಚುಮರೆ ಸಲ್ಲದು

ಹೀಗೆಂದ ಮಾತ್ರಕ್ಕೆ ಲಸಿಕೆಯಿಂದ ಯಾವ ಕೆಡುಕೂ ಇಲ್ಲವೆಂದು ಹೇಳಹೊರಟಿಲ್ಲ. ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಬಳಕೆಯಾದ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾಗಬಹುದೆಂಬುದು ನಿಜ. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ಕಾಗದಪತ್ರಗಳ ಸುದ್ದಿ ಬಂದಾಗ, ಅಡಗಿಸಿಟ್ಟ ರಹಸ್ಯವೊಂದು ಬಯಲಾಯಿತೆಂಬಂತೆ ಕೋಲಾಹಲವೆದ್ದಿತು. ವಾಸ್ತವದಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2021ರ ಏಪ್ರಿಲ್ 7ರಂದೇ ಅದನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿ ಬಹಿರಂಗಪಡಿಸಿತ್ತು. ಅಂತಹ ತೊಂದರೆ ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ವಾರಗಳೊಳಗೆ ಕಾಣಿಸಿಕೊಳ್ಳುವಂಥದು. ವರ್ಷಗಳ ನಂತರ ಹೊಂಚುಹಾಕಿ ಬರುವಂಥದಲ್ಲ. ಆದರೂ ಆ ವಿರಳರಲ್ಲಿ ಒಬ್ಬರಾದವರ ಕುಟುಂಬಕ್ಕೆ ‘ಅತಿ ವಿರಳ’ ಎಂಬ ಮಾತು ಸಾಂತ್ವನವಾಗದು. ಅವರ ದೂರನ್ನು ಆಲಿಸಿ, ತನಿಖೆ ಮಾಡಿ, ಪರಿಹಾರ ನೀಡುವ ಸುಗಮ ವ್ಯವಸ್ಥೆ ಇರಬೇಕಾದದ್ದು ಸರ್ಕಾರದ ಹೊಣೆ.

ಜನರ ಅಪನಂಬಿಕೆಗೆ ಆಳುವವರೂ ಕಾರಣರು. 2020 ಮತ್ತು 2021ರಲ್ಲಿ ಭಾರತದಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ಸರ್ಕಾರದ ಲೆಕ್ಕ 5 ಲಕ್ಷಕ್ಕೂ ಕಡಿಮೆ. ಅಂದಾಜಿನ ವಿಧಾನವನ್ನೇ ಸರ್ಕಾರ ಒಪ್ಪಲಿಲ್ಲ. ವಿವಾದ ಏನೇ ಇರಲಿ, ತಮ್ಮ ಕಣ್ಣೆದುರಿನ ಚಿತೆಗಳಿಗೂ ಗೋರಿಗಳಿಗೂ ಬುಲೆಟಿನ್ನಿನ ಸಂಖ್ಯೆಗಳಿಗೂ ಹೊಂದಿಕೆಯಾಗದುದನ್ನು ಕಂಡ ಜನರು ಮುಂದೆ ಯಾವ ಸಂಖ್ಯೆಯನ್ನೂ ನಂಬದಿದ್ದರೆ ಅಚ್ಚರಿಯೇನು? ಆಸ್ಪತ್ರೆ ಸೇರಿದವರ ಸಂಖ್ಯೆಯನ್ನು ವಯಸ್ಸು ಮತ್ತು ಲಸಿಕೆಯ ಸ್ಥಿತಿಗನುಗುಣವಾಗಿ, ಲಕ್ಷಕ್ಕೆ ಎಷ್ಟೆಂಬ ಪ್ರಮಾಣದಲ್ಲಿ, ಜಿಲ್ಲಾವಾರು ವಾರವಾರವೂ ಪ್ರಕಟಿಸುವ ಪದ್ಧತಿ ಮುಂದಿನ ಯಾವುದೇ ಸಾಂಕ್ರಾಮಿಕದ ಮೊದಲ ದಿನದಿಂದಲೇ ಜಾರಿಗೆ ಬರಬೇಕು. ಸತ್ಯದ ಅಭಾವವಿದ್ದೆಡೆ ವದಂತಿಯೇ ಆಹಾರವಾಗುತ್ತದೆ.

ನಮ್ಮ ಪಾಲಿನ ಕರ್ತವ್ಯ

ಕಥೋಲಿಕ ಕುಟುಂಬಗಳನ್ನು ಕಾಡಿದ ಮತ್ತೊಂದು ಪ್ರಶ್ನೆಯಿತ್ತು. ಕೋವಿಶೀಲ್ಡ್‌ನ ತಯಾರಿಕೆಯಲ್ಲಿ, 1970ರ ದಶಕದಲ್ಲಿ ಭ್ರೂಣವೊಂದರಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸಿಕೊಂಡು ಬಂದ ಜೀವಕೋಶಗಳ ಬಳಕೆಯಾಗಿದೆಯೆಂದು ತಿಳಿದು ಅನೇಕರ ಮನಸ್ಸಾಕ್ಷಿ ಅಳುಕಿತು. ಆ ಅಳುಕು ಗೌರವಾರ್ಹವಾದುದು. ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪರಿಷತ್ತು 2020ರ ಡಿಸೆಂಬರ್ 21ರಂದು ಇದಕ್ಕೆ ಸ್ಪಷ್ಟ ಉತ್ತರ ನೀಡಿತು. ನೈತಿಕವಾಗಿ ದೋಷರಹಿತವಾದ ಬೇರೆ ಲಸಿಕೆ ದೊರೆಯದಿದ್ದಾಗ ಇಂತಹ ಲಸಿಕೆಯನ್ನು ಪಡೆಯುವುದು ಸಮ್ಮತ; ಹಾಗೆ ಪಡೆಯುವುದು ಗರ್ಭಪಾತಕ್ಕೆ ಸಮ್ಮತಿಯಲ್ಲ. ಲಸಿಕೆಯು ಸ್ವಇಚ್ಛೆಯದಾಗಿರಬೇಕೆಂದ ಅದೇ ಪತ್ರವು, ಸರ್ವರ ಹಿತವನ್ನೂ ವಿಶೇಷವಾಗಿ ದುರ್ಬಲರ ರಕ್ಷಣೆಯನ್ನೂ ಮರೆಯಬಾರದೆಂದು ಎಚ್ಚರಿಸಿತು. ಜಗದ್ಗುರು ಪೋಪ್ ಫ್ರಾನ್ಸಿಸರು 2021ರ ಜನವರಿಯಲ್ಲಿ ತಾವೇ ಲಸಿಕೆ ಪಡೆದರು. ಆ ವರ್ಷದ ಆಗಸ್ಟ್‌ನಲ್ಲಿ ಲಸಿಕೆ ಪಡೆಯುವುದು ಪ್ರೀತಿಯ ಕಾರ್ಯವೆಂದು ಸಾರಿದರು.

ರೋಗಶುಶ್ರೂಷೆ ನಮ್ಮ ಸಭೆಗೆ ಹೊಸತಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆರಂಭವಾದ ಫಾದರ್ ಮುಲ್ಲರರ ಸೇವೆ, ಬೆಂಗಳೂರಿನ ಸಂತ ಮಾರ್ತರ ಆಸ್ಪತ್ರೆ, ಸಂತ ಜಾನರ ವೈದ್ಯಕೀಯ ಕಾಲೇಜು, ಗುಂಟೂರಿನಲ್ಲಿ ವೈದ್ಯೆಯಾಗಿದ್ದ ಕನ್ಯಾಸ್ತ್ರೀ ಮೇರಿ ಗ್ಲೌರಿಯವರು 1943ರಲ್ಲಿ ಕಟ್ಟಿದ ಕಥೋಲಿಕ ಆಸ್ಪತ್ರೆಗಳ ಸಂಘ, ಇವೆಲ್ಲ ನಂಬಿಕೆ ಮತ್ತು ವೈದ್ಯವಿಜ್ಞಾನ ಕೈಹಿಡಿದು ನಡೆದ ದಾರಿಯ ಗುರುತುಗಳು. ಲಸಿಕೆಯೂ ಕನ್ನಡ ನಾಡಿಗೆ ಹೊಸತಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಬರೆದ ಮೈಸೂರು ರಾಣಿಯರ ಚಿತ್ರವು, ಸಿಡುಬಿನ ಲಸಿಕೆಗೆ ಅಂಜುತ್ತಿದ್ದ ಪ್ರಜೆಗಳಲ್ಲಿ ಧೈರ್ಯ ತುಂಬಲೆಂದು ಬರೆಸಿದ್ದೆಂದು ಸಂಶೋಧಕರು ಗುರುತಿಸಿದ್ದಾರೆ. ಆ ಸಿಡುಬು ಈಗ ಭೂಮಿಯ ಮೇಲೆಯೇ ಇಲ್ಲ. ಪೋಲಿಯೋ ಭಾರತದಲ್ಲಿ ಕಡೆಯದಾಗಿ ಕಾಣಿಸಿಕೊಂಡದ್ದು 2011ರ ಜನವರಿಯಲ್ಲಿ.

ಆದರೆ ಕಂಡ ಜಯವೂ ಕೈತಪ್ಪಬಲ್ಲದು. 2021ರಲ್ಲಿ ಜಗತ್ತಿನಾದ್ಯಂತ 2.5 ಕೋಟಿ ಮಕ್ಕಳು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಲಸಿಕೆಯ ಒಂದಾದರೂ ಡೋಸನ್ನು ತಪ್ಪಿಸಿಕೊಂಡರು. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಹಬ್ಬಿ ಮಕ್ಕಳ ಪ್ರಾಣ ಹೋಯಿತು. ಕೋವಿಡ್ ಲಸಿಕೆಯ ಮೇಲೆ ಹುಟ್ಟಿದ ಸಂಶಯವು ತೊಟ್ಟಿಲ ಮಗುವಿನ ಲಸಿಕೆಯವರೆಗೂ ಹರಿದರೆ ಅದರ ಫಲ ಘೋರ. 2025ರ ಜೂನ್‌ನಲ್ಲಿ ದೇಶದ ಕೋವಿಡ್ ಪ್ರಕರಣಗಳು ಮತ್ತೊಮ್ಮೆ ಏಳು ಸಾವಿರ ದಾಟಿ ಇಳಿದದ್ದನ್ನೂ ನೆನಪಿಡಬೇಕು. ಆ ರೋಗ ಹೋಗಿಲ್ಲ, ಮೆತ್ತಗಾಗಿದೆ ಅಷ್ಟೆ.

ಆದ್ದರಿಂದ ನಮ್ಮ ಕುಟುಂಬಗಳು ಮಾಡಬಹುದಾದ ಕೆಲವು ಕಾರ್ಯಗಳಿವೆ. ಮನೆಯ ಹಿರಿಯರಿಗೆ, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರಿಗೆ ಯಾವ ಲಸಿಕೆ ಅಗತ್ಯವೆಂಬುದನ್ನು ವೈದ್ಯರಲ್ಲಿಯೇ ಕೇಳಿ ನಿರ್ಧರಿಸಬೇಕು. ಮಕ್ಕಳ ಲಸಿಕೆಯ ಕಾರ್ಡನ್ನು ತೆಗೆದು, ತಪ್ಪಿಹೋದ ಡೋಸ್ ಇದೆಯೇ ಎಂದು ನೋಡಬೇಕು. ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಸಮಾಜದ ವೈದ್ಯರನ್ನೂ ದಾದಿಯರನ್ನೂ ಕರೆಸಿ, ಜನರು ಅಳುಕಿಲ್ಲದೆ ಪ್ರಶ್ನೆ ಕೇಳುವ ಅವಕಾಶ ಕಲ್ಪಿಸಬೇಕು. ಭಯಪಟ್ಟವರನ್ನು ಅಜ್ಞಾನಿಗಳೆಂದು ಜರಿಯುವುದರಿಂದ ಯಾರ ಮನಸ್ಸೂ ತಿರುಗದು. ಒಂದಿಷ್ಟು ತಾಳ್ಮೆಯಿಂದ ಲೆಕ್ಕ ಬಿಡಿಸಿ ತೋರಿಸಿದರೆ ತಿರುಗೀತು.

ಕೊನೆಯದಾಗಿ ಮೊಬೈಲಿಗೆ ಬರುವ ಸಂದೇಶಗಳ ಮಾತು. ಇಷ್ಟು ಮಂದಿ ಲಸಿಕೆ ಪಡೆದವರು ಸತ್ತರೆಂಬ ಸಂದೇಶ ಬಂದಾಗ ಮೂರು ಪ್ರಶ್ನೆಗಳನ್ನು ಕೇಳೋಣ: ಎಷ್ಟು ಮಂದಿಯ ಪೈಕಿ? ಯಾವ ವಯಸ್ಸಿನವರು? ಪಡೆಯದವರ ಗತಿಯೇನಾಯಿತು? ಈ ಮೂರಕ್ಕೂ ಉತ್ತರವಿಲ್ಲದ ಸಂದೇಶ ನಮ್ಮಿಂದ ಮುಂದಕ್ಕೆ ಹೋಗಬಾರದು. ನೆರೆಯವರಿಗೆ ವಿರುದ್ಧವಾಗಿ ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ನಾವು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರು. ನಿಜವಾದ ಸಂಖ್ಯೆಯೊಂದನ್ನು ಅದರ ಅರ್ಧಭಾಗ ಮುಚ್ಚಿಟ್ಟು ಸಾರುವುದೂ ಸುಳ್ಳು ಸಾಕ್ಷಿಯೇ. ಅದನ್ನು ನಂಬಿ ಲಸಿಕೆಯಿಂದ ಹಿಂದೆ ಸರಿದ ನೆರೆಮನೆಯ ಅಜ್ಜಿಗೆ ನಾಳೆ ಉಸಿರು ಸಿಗದಾದಾಗ, ಆ ಸಂದೇಶವನ್ನು ಕಳುಹಿಸಿದ ಬೆರಳುಗಳು ಯಾರವೆಂದು ಕೇಳುವವರಿರುವುದಿಲ್ಲ. ನಮ್ಮ ಮನಸ್ಸಾಕ್ಷಿ ಮಾತ್ರ ಕೇಳಬಲ್ಲದು. ಅದಕ್ಕೆ ಮೊದಲೇ ಲೆಕ್ಕವನ್ನು ಸರಿಯಾಗಿ ಓದುವುದು ವಿವೇಕಿಗಳ ಲಕ್ಷಣ.